ವಾಟ್ಸ್‌ನ ಮೂರು ಕೋಣೆಯ ಮನೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೈಲಿನಿಂದ ಬಿಡುಗಡೆಯಾಗುವವರ ಕೈಗೆ ಸರ್ಕಾರ 200 ಡಾಲರ್ ಕೊಡುತ್ತದೆ. ಅದನ್ನು 'ಗೇಟ್ ಮನಿ' ಅಂತ ಕರೆಯುತ್ತಾರೆ. ಹಾಕಿಕೊಂಡು ಹೊರಡುವ ಬಟ್ಟೆಯ ದುಡ್ಡು, ಬಸ್ ಟಿಕೆಟ್ಟಿನ ದುಡ್ಡು, ಎರಡನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆ. 1990ರ ದಶಕದಲ್ಲಿ ಹೀಗೆ ಹೊರಬಂದ ಎಷ್ಟೋ ಹೆಂಗಸರು ಬಂದಿಳಿಯುತ್ತಿದ್ದದ್ದು ಲಾಸ್ ಏಂಜಲೀಸ್ ನಗರದ ನಡುವಿನ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಸ್ಕಿಡ್ ರೋ. ಸಾವಿರಾರು ಜನ ಫುಟ್‌ಪಾತ್ ಮೇಲೆ ಮಲಗುವ, ಡ್ರಗ್ಸ್ ಬೀದಿಯಲ್ಲೇ ಸಿಗುವ ಜಾಗ ಅದು. ಬಸ್ಸಿನಿಂದ ಇಳಿದವರು ಎಲ್ಲಿಂದ ಬಂದಿದ್ದಾರೆ, ಕೈಯಲ್ಲಿ ಎಷ್ಟಿದೆ ಅನ್ನುವುದು ಡ್ರಗ್ಸ್ ಮಾರುವವರಿಗೂ ಗೊತ್ತು, ಹೆಣ್ಣುಮಕ್ಕಳನ್ನು ದಂಧೆಗೆ ಇಳಿಸುವ ದಲ್ಲಾಳಿಗಳಿಗೂ ಗೊತ್ತು. ಅವರು ಕಾದಿರುತ್ತಿದ್ದರು.

1998ರಿಂದ ಅದೇ ನಿಲ್ದಾಣದಲ್ಲಿ ಇನ್ನೊಬ್ಬರೂ ಕಾಯತೊಡಗಿದರು. ಅವರ ಹೆಸರು ಸೂಸನ್ ಬರ್ಟನ್. ಇಳಿದವರ ಹತ್ತಿರ ಹೋಗಿ, ನನ್ನ ಮನೆಯಲ್ಲಿ ಒಂದು ಹಾಸಿಗೆ ಇದೆ, ಬರ್ತೀಯಾ ಅಂತ ಕೇಳುತ್ತಿದ್ದರು. ಬಂದವರನ್ನು ಕರೆದುಕೊಂಡು ವಾಟ್ಸ್ ಬಡಾವಣೆಯ ಒಂದು ಪುಟ್ಟ ಮನೆಗೆ ಹೋಗುತ್ತಿದ್ದರು. ಮಲಗುವ ಕೋಣೆಗಳು ಮೂರು. ಒಂದರ ಮೇಲೊಂದು ಮಂಚ ಇರುವ ಬಂಕ್ ಬೆಡ್‌ಗಳು. ಹೊರಗಡೆ ಬೋರ್ಡು ಇಲ್ಲ, ಒಳಗಡೆ ಡಾಕ್ಟರೂ ಇಲ್ಲ.

ಚಟ ಬಿಟ್ಟ ತಾಯಂದಿರಿಗೆ ಮಕ್ಕಳ ಜೊತೆ ಇರಲು ಸುರಕ್ಷಿತವಾದ ಮನೆ ಬೇಕು ಅನ್ನುವ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಆದರೆ ಯಾಕೆ ಬೇಕು, ಅದಿಲ್ಲದಿದ್ದರೆ ಏನು ಮುರಿದುಬೀಳುತ್ತದೆ, ಇದು ಗೊತ್ತಾಗಬೇಕಾದರೆ ಆ ಮನೆಯೊಳಗೆ ಹೋಗಿ ನೋಡಬೇಕು. ಅಮೆರಿಕದಲ್ಲಿ ಇಂಥ ಮನೆಗಳು ಸಾವಿರಾರು ಇವೆ. ನಾನು ಈ ಒಂದನ್ನೇ ಆರಿಸಿಕೊಳ್ಳಲು ಕಾರಣ, ಅದನ್ನು ಕಟ್ಟಿದವರು ಸ್ವತಃ ಮಗುವನ್ನು ಕಳೆದುಕೊಂಡ ತಾಯಿ, ಚಟಕ್ಕೆ ಬಿದ್ದು ಎದ್ದ ತಾಯಿ.

ಸೂಸನ್ ಅಲ್ಲಿಗೆ ಬಂದದ್ದು ಹೇಗೆ

ವಾಟ್ಸ್ ಇರುವುದು ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ. 1965ರ ಆಗಸ್ಟ್‌ನಲ್ಲಿ ಆರು ದಿನ ನಡೆದ ದಂಗೆಯಲ್ಲಿ 34 ಜನ ಸತ್ತರು, ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಾಗಿದ್ದು ಹಾಗೆ. ಸೈಮನ್ ರೋಡಿಯಾ ಎಂಬ ಇಟಲಿಯ ಕೂಲಿಗಾರ ಒಡೆದ ಪಿಂಗಾಣಿ, ಬಾಟಲಿ ಚೂರು, ಕಡಲಚಿಪ್ಪು ಅಂಟಿಸಿ ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬನೇ ಕಟ್ಟಿದ ಗೋಪುರಗಳೂ ಅಲ್ಲೇ ಇವೆ. ಆ ಕಾಲಕ್ಕೆ ಅದು ಬಡವರ, ಬಹುಪಾಲು ಕಪ್ಪು ಜನರ ಬಡಾವಣೆಯಾಗಿತ್ತು. 1980ರ ದಶಕದಲ್ಲಿ ಅಲ್ಲಿಗೆ ಕ್ರ್ಯಾಕ್ ಬಂತು, ಹೊಗೆಯಾಗಿ ಸೇದುವ ಅಗ್ಗದ ಕೊಕೇನ್.

ಅದೇ ದಶಕದ ಶುರುವಿನಲ್ಲಿ ಸೂಸನ್ ಅವರ ಐದು ವರ್ಷದ ಮಗ ರಸ್ತೆ ದಾಟುತ್ತಿದ್ದಾಗ ವ್ಯಾನ್ ಬಡಿದು ಸತ್ತುಹೋದ. ಓಡಿಸುತ್ತಿದ್ದವರು ಪೊಲೀಸ್ ಅಧಿಕಾರಿ. ಇಲಾಖೆಯಿಂದ ಸಮಾಧಾನದ ಒಂದು ಮಾತೂ ಬರಲಿಲ್ಲ ಅಂತ ಸೂಸನ್ ಹಲವು ಕಡೆ ಹೇಳಿಕೊಂಡಿದ್ದಾರೆ. ಆ ದುಃಖಕ್ಕೆ ಯಾರೂ ಔಷಧ ಕೊಡಲಿಲ್ಲ. ಮೊದಲು ಕುಡಿತ, ಆಮೇಲೆ ಕ್ರ್ಯಾಕ್. ಆಮೇಲಿನ ಹದಿನೈದು ವರ್ಷಗಳಲ್ಲಿ ಅವರು ಆರು ಸಲ ಜೈಲಿಗೆ ಹೋದರು. ಪ್ರತಿ ಸಲ ಹೊರಬಂದು ಇಳಿದದ್ದು ಅದೇ ಬಸ್ ನಿಲ್ದಾಣದಲ್ಲಿ.

ಜೈಲಿಗೆ ಯಾಕೆ ಅಷ್ಟು ಸಲ ಅಂತ ಕೇಳಬಹುದು. 1986ರ ಕೇಂದ್ರ ಕಾನೂನನ್ನು ನೋಡಿದರೆ ಆಗಿನ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ತಿಳಿಯುತ್ತದೆ. ಪುಡಿ ಕೊಕೇನ್ 500 ಗ್ರಾಂ ಮಾರಿದವರಿಗೆ ಕನಿಷ್ಠ ಐದು ವರ್ಷ. ಬಡವರ ಬೀದಿಯಲ್ಲಿ ಸಿಗುವ ಕ್ರ್ಯಾಕ್ ಆದರೆ ಅದೇ ಐದು ವರ್ಷಕ್ಕೆ 5 ಗ್ರಾಂ ಸಾಕು. ರಾಜ್ಯಗಳೂ ಇದೇ ದಾರಿ ಹಿಡಿದವು. 1980ರಲ್ಲಿ ಅಮೆರಿಕದ ಜೈಲುಗಳಲ್ಲಿದ್ದ ಹೆಂಗಸರು ಸುಮಾರು 26,000. 2019ರ ಹೊತ್ತಿಗೆ ಅದು 2,22,000 ದಾಟಿತ್ತು. ಅವರಲ್ಲಿ ಹೆಚ್ಚಿನವರು ತಾಯಂದಿರು.

1997ರಲ್ಲಿ ಪರಿಚಯದವರೊಬ್ಬರ ಮಾತಿನಿಂದ ಸೂಸನ್ ಅವರಿಗೆ ಸ್ಯಾಂಟಾ ಮೋನಿಕಾದ ಕ್ಲೇರ್ ಫೌಂಡೇಶನ್ ಎಂಬ ಚಿಕಿತ್ಸಾ ಕೇಂದ್ರದಲ್ಲಿ ಜಾಗ ಸಿಕ್ಕಿತು. ಸಮುದ್ರದಂಡೆಯ ಶ್ರೀಮಂತ ಊರು ಅದು. ವಾಟ್ಸ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಅಲ್ಲಿ ಅವರು ಕಂಡದ್ದು ಅವರನ್ನು ಅಲುಗಾಡಿಸಿತು. ತಾವು ಮಾಡಿದ ತಪ್ಪನ್ನೇ ಮಾಡಿದವರು ಅಲ್ಲಿ ಜೈಲಿಗೆ ಹೋಗುತ್ತಿರಲಿಲ್ಲ, ಚಿಕಿತ್ಸೆಗೆ ಬರುತ್ತಿದ್ದರು. ಹೀಗೂ ಒಂದು ದಾರಿ ಇತ್ತು, ನಮ್ಮ ಬೀದಿಯವರಿಗೆ ಯಾರೂ ಯಾಕೆ ಹೇಳಲಿಲ್ಲ ಅನ್ನುವುದು ಅವರನ್ನು ಬಿಡದೆ ಕಾಡಿದ ಪ್ರಶ್ನೆ.

ಚಟ ಬಿಟ್ಟ ಮೇಲೆ ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಪ್ರಮಾಣಪತ್ರ ಪಡೆಯಲು ಹೋದರು. ಹಳೆಯ ಕೇಸುಗಳಿವೆ, ಆಗಲ್ಲ ಅಂದರು. ಕೊನೆಗೆ ಖಾಸಗಿಯಾಗಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಸಂಬಳದಲ್ಲಿ ಉಳಿಸಿದ ದುಡ್ಡಿನಿಂದಲೇ ವಾಟ್ಸ್‌ನ ಮನೆ ಬಂದದ್ದು. 2000ದ ಹೊತ್ತಿಗೆ ಅದು 'ಎ ನ್ಯೂ ವೇ ಆಫ್ ಲೈಫ್' ಎಂಬ ನೋಂದಾಯಿತ ಸಂಸ್ಥೆಯಾಯಿತು.

ಗಡಿಯಾರ

ಈ ಪ್ರಕರಣದ ಗಂಟು ಇರುವುದು ಇಲ್ಲಿ. ನಿಧಾನವಾಗಿ ಬಿಡಿಸಿ ನೋಡಬೇಕು.

ತಾಯಿ ಜೈಲಿಗೆ ಹೋದಾಗ ಅಥವಾ ಚಟದಲ್ಲಿ ಮುಳುಗಿ ಮಗುವನ್ನು ನೋಡಿಕೊಳ್ಳಲಾಗದಾಗ, ಸರ್ಕಾರ ಮಗುವನ್ನು ತೆಗೆದುಕೊಂಡು ಬೇರೆ ಮನೆಯವರ ಸುಪರ್ದಿಗೆ ಕೊಡುತ್ತದೆ. ಅದೇ ಫಾಸ್ಟರ್ ಕೇರ್. 1997ರ ನವೆಂಬರ್‌ನಲ್ಲಿ ಇದಕ್ಕೆ ಒಂದು ಹೊಸ ಕಾನೂನು ಬಂತು. ಮಗು ಹಿಂದಿನ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ, ತಾಯಿಯ ಹಕ್ಕನ್ನೇ ಪೂರ್ತಿ ಕಿತ್ತುಹಾಕಲು ಸರ್ಕಾರ ಕೋರ್ಟಿಗೆ ಅರ್ಜಿ ಹಾಕಬೇಕು. ಕೆಲವು ವಿನಾಯಿತಿಗಳಿವೆ. ಮಗು ಅಜ್ಜಿಯ ಹತ್ತಿರವೋ ಚಿಕ್ಕಮ್ಮನ ಹತ್ತಿರವೋ ಇದ್ದರೆ ಬಿಡಬಹುದು. ಕಾನೂನಿನ ಉದ್ದೇಶ ಕೆಟ್ಟದ್ದಲ್ಲ. ಮಕ್ಕಳು ವರ್ಷಗಟ್ಟಲೆ ಯಾರ ಮನೆಯೂ ತಮ್ಮದಲ್ಲ ಅನ್ನುವ ಹಾಗೆ ಅಲೆಯುತ್ತಿದ್ದರು, ಅವರಿಗೆ ಒಂದು ಖಾಯಂ ಮನೆ ಸಿಗಲಿ ಅಂತ ತಂದ ಕಾನೂನು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅವಧಿ ಇನ್ನೂ ಕಮ್ಮಿ. ಮಗುವಿಗೆ ಮೂರು ವರ್ಷ ತುಂಬಿಲ್ಲದಿದ್ದರೆ ತಾಯಿಗೆ ಸಿಗುವುದು ಮಾಮೂಲಾಗಿ ಆರು ತಿಂಗಳು. ನ್ಯಾಯಾಧೀಶರು ಮುಂದೂಡಬಹುದು, ಆದರೆ ಮಗು ವಾಪಸ್ ಹೋಗುವ ಸಾಧ್ಯತೆ ಗಟ್ಟಿಯಾಗಿದೆ ಅಂತ ಅವರಿಗೆ ಅನ್ನಿಸಬೇಕು.

ಲೆಕ್ಕಕ್ಕೆ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಎರಡು ವರ್ಷದ ಮಗು. ಸ್ವಲ್ಪ ಕೊಕೇನ್ ಇಟ್ಟುಕೊಂಡಿದ್ದಕ್ಕೆ ಜೈಲು. ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಇದ್ದ ಕನಿಷ್ಠ ಜೈಲುವಾಸ 16 ತಿಂಗಳು. ಒಳ್ಳೆಯ ನಡತೆ, ಒಳಗಿನ ಕೆಲಸ ಎಲ್ಲ ಸೇರಿ ಅರ್ಧ ಕಳೆದರೂ ಎಂಟು ತಿಂಗಳು. ಅಂದರೆ ಹೊರಗೆ ಬರುವ ಹೊತ್ತಿಗೆ ಆರು ತಿಂಗಳ ಗಡುವು ಮುಗಿದಿದೆ. ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ ಅಂತಲೇ ಇಟ್ಟುಕೊಳ್ಳೋಣ. ಹೊರಬಂದವಳು ಚಿಕಿತ್ಸೆಗೆ ಸೇರಬೇಕು, ಜಾಗಕ್ಕೆ ಕಾಯಬೇಕು. ಚಿಕಿತ್ಸೆಗೆ ಮೂರೋ ಆರೋ ತಿಂಗಳು. ಆಮೇಲೆ ಮಕ್ಕಳ ಕಲ್ಯಾಣ ಇಲಾಖೆಯವರು ಕೇಳುವುದು ಒಂದೇ ಮಾತು: ಮಗುವನ್ನು ಯಾವ ಮನೆಗೆ ಕರೆದುಕೊಂಡು ಹೋಗ್ತೀಯಮ್ಮ?

ಆ ಮನೆ ಸಿಗದ ಹಾಗೆ ಬೇರೆ ಕಾನೂನುಗಳು ಬಾಗಿಲು ಹಾಕಿದ್ದವು. 1996ರಲ್ಲಿ ಸರ್ಕಾರಿ ವಸತಿಗೆ 'ಒಂದೇ ತಪ್ಪು, ಹೊರಗೆ' ಅನ್ನುವ ನೀತಿ ಬಂತು. ಡ್ರಗ್ಸ್ ಕೇಸ್ ಇದ್ದವರಿಗೆ ಸರ್ಕಾರಿ ಮನೆ ಸಿಗುವುದು ಕಷ್ಟವಾಯಿತು. ಹೋಗಲಿ, ಅಮ್ಮನ ಮನೆಗೆ ಹೋಗೋಣ ಅಂದರೆ? ಅಮ್ಮ ಸರ್ಕಾರಿ ಮನೆಯಲ್ಲಿದ್ದರೆ ಮಗಳನ್ನು ಸೇರಿಸಿಕೊಳ್ಳಲು ಹೆದರಿಕೆ. ಆ ಹೆದರಿಕೆ ಸುಮ್ನೆ ಅಲ್ಲ. ಓಕ್ಲೆಂಡ್ ಊರಿನ ಒಂದು ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್, ಮನೆಯವರೊಬ್ಬರ ಡ್ರಗ್ಸ್ ವಿಷಯ ಬಾಡಿಗೆದಾರರಿಗೆ ಗೊತ್ತೇ ಇಲ್ಲದಿದ್ದರೂ ಅವರನ್ನು ಮನೆ ಬಿಡಿಸಬಹುದು ಅಂತ ತೀರ್ಪು ಕೊಟ್ಟಿತು. ಆ ಕೇಸಿನಲ್ಲಿದ್ದವರು ವಯಸ್ಸಾದವರು. ಅವರಲ್ಲಿ ಹೆಚ್ಚಿನವರು ಅಜ್ಜಿಯರು.

1996ರ ಇನ್ನೊಂದು ಕಾನೂನು, ಡ್ರಗ್ಸ್ ಅಪರಾಧ ಸಾಬೀತಾದವರಿಗೆ ಆಹಾರ ಕೂಪನ್ನೂ ಕುಟುಂಬ ಸಹಾಯಧನವೂ ಜೀವನಪೂರ್ತಿ ಇಲ್ಲ ಅಂದಿತು. ಬೇಡ ಅನ್ನುವ ರಾಜ್ಯಗಳು ಹೊರಗುಳಿಯಬಹುದಿತ್ತು. ಕ್ಯಾಲಿಫೋರ್ನಿಯಾ ಆಗ ಹೊರಗುಳಿಯಲಿಲ್ಲ. ಮನೆಯಲ್ಲಿ ತಾಯಿ ಮಗು ಇಬ್ಬರಿದ್ದರೆ ಮಗುವಿನ ಪಾಲಿನ ಕೂಪನ್ ಮಾತ್ರ ಸಿಗುತ್ತಿತ್ತು. ಇಬ್ಬರೂ ಅದರಲ್ಲೇ ಉಣ್ಣಬೇಕು.

ಎಲ್ಲದಕ್ಕಿಂತ ಬಿಗಿಯಾದ ಗಂಟು ಇನ್ನೊಂದು. ಮಗು ಜೊತೆಗಿಲ್ಲದ ಹೆಂಗಸು ಕಾಗದದಲ್ಲಿ ಒಂಟಿ. ಒಂಟಿಯವಳಿಗೆ ಕುಟುಂಬದ ಮನೆ ಕೊಡುವುದಿಲ್ಲ, ಮಗುವಿನ ಹೆಸರಿನ ಸಹಾಯಧನವೂ ಬರುವುದಿಲ್ಲ. ಮನೆ ಇಲ್ಲದವಳಿಗೆ ಮಗುವನ್ನು ಕೊಡುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅನ್ನುವ ನಮ್ಮ ಗಾದೆಯೇ. ವ್ಯತ್ಯಾಸ ಅಂದರೆ ಇಲ್ಲಿ ತಿಂಗಳುಗಳ ಲೆಕ್ಕ ಓಡುತ್ತಿರುತ್ತದೆ.

ಬಾಗಿಲೊಳಗೆ

ಈ ಗಂಟನ್ನು ವಾಟ್ಸ್‌ನ ಮನೆ ಬಿಚ್ಚಿದ ರೀತಿ ತುಂಬ ಸರಳ. ಬಸ್ ಇಳಿದ ದಿನವೇ ಆ ಹೆಂಗಸಿಗೆ ಒಂದು ವಿಳಾಸ ಸಿಕ್ಕಿಬಿಡುತ್ತಿತ್ತು.

ವಿಳಾಸ ಅಂದರೆ ನಮಗೆ ಏನೂ ಅನ್ನಿಸುವುದಿಲ್ಲ. ಆದರೆ ಅವಳ ಜೇಬಲ್ಲಿ ಇರುವುದು ಜೈಲಿನ ಗುರುತಿನ ಚೀಟಿ. ಅದನ್ನು ತೋರಿಸಿ ಬ್ಯಾಂಕಿನಲ್ಲಿ ಖಾತೆ ತೆರೆಯಲಾಗದು, ಕೆಲಸ ಕೇಳಲೂ ಆಗದು. ಮೊದಲು ಜನನ ಪತ್ರದ ನಕಲು ತರಿಸಬೇಕು. ಅದನ್ನಿಟ್ಟು ರಾಜ್ಯದ ಗುರುತಿನ ಚೀಟಿ, ಸೋಶಿಯಲ್ ಸೆಕ್ಯೂರಿಟಿ ಕಾರ್ಡು. ಇವೆಲ್ಲ ಅಂಚೆಯಲ್ಲಿ ಬರುವಂಥವು. ಅಂಚೆಯವನು ಎಲ್ಲಿಗೆ ತಂದುಕೊಡಬೇಕು? ಬಿಡುಗಡೆಯಾದವರ ಮೇಲೆ ಕಣ್ಣಿಡುವ ಪೆರೋಲ್ ಅಧಿಕಾರಿಗೂ ವಿಳಾಸ ಬೇಕು, ಮಕ್ಕಳ ಕೋರ್ಟಿನ ನೋಟಿಸಿಗೂ ಬೇಕು. ವಿಳಾಸ ಇಲ್ಲದೆ ನೋಟಿಸ್ ತಪ್ಪಿತು, ತಾಯಿ ಬರಲಿಲ್ಲ ಅಂತ ಕಡತದಲ್ಲಿ ಬರೆದರು ಅಂದರೆ, ಅದು ಮಗು ಬೇಡ ಅಂದ ಹಾಗೆ ಓದಿಸಿಕೊಳ್ಳುತ್ತದೆ.

ಮನೆಯಲ್ಲಿ ಸ್ನಾನ, ಒಗೆದ ಬಟ್ಟೆ, ಊಟ, ಮಂಚ. ಸಂಜೆಯಾದರೆ ಚಟ ಬಿಟ್ಟವರ ಸಭೆ. ಅಡುಗೆ, ಕಸ ಗುಡಿಸುವುದು ಎಲ್ಲರ ಪಾಳಿ. ಕುಡಿತ, ಡ್ರಗ್ಸ್ ಬಾಗಿಲ ಒಳಗೆ ಬರುವಂತಿಲ್ಲ. ಹೊಸದಾಗಿ ಬಂದವಳ ಪಕ್ಕದ ಮಂಚದಲ್ಲಿ ಆರು ತಿಂಗಳಿಂದ ಚಟ ಬಿಟ್ಟವಳು ಮಲಗಿರುತ್ತಾಳೆ. ರಾತ್ರಿ ಎರಡು ಗಂಟೆಗೆ ಮೈ ನಡುಗಿ ಎದ್ದು ಕೂತಾಗ ಪಕ್ಕದಲ್ಲಿ ಅದನ್ನು ಅನುಭವಿಸಿ ದಾಟಿದವಳೇ ಇದ್ದಾಳೆ. ಇದಕ್ಕೆ ಸಮನಾದ್ದನ್ನು ಯಾವ ಕೌನ್ಸೆಲಿಂಗ್ ಕೋಣೆಯೂ ಕೊಡಲಾರದು ಅಂತ ನನ್ನ ನಂಬಿಕೆ.

ಇನ್ನು ಮಗು. ಲಾಸ್ ಏಂಜಲೀಸ್‌ನ ಮಕ್ಕಳ ಕೇಸುಗಳು ಹೆಚ್ಚಾಗಿ ನಡೆಯುವುದು ಮಾಂಟೆರೇ ಪಾರ್ಕ್‌ನ ಎಡೆಲ್ಮನ್ ಮಕ್ಕಳ ಕೋರ್ಟಿನಲ್ಲಿ. ಮಗು ಒಮ್ಮೆಲೇ ವಾಪಸ್ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಇಲಾಖೆಯವರ ಎದುರಿಗೆ ಸ್ವಲ್ಪ ಹೊತ್ತಿನ ಭೇಟಿ. ಆಮೇಲೆ ಯಾರೂ ಕಾವಲಿಲ್ಲದೆ ಅರ್ಧ ದಿನ. ಆಮೇಲೆ ಒಂದು ರಾತ್ರಿ, ಶನಿವಾರ ಭಾನುವಾರ, ಕೊನೆಗೆ ಪೂರ್ತಿ. ಪ್ರತಿ ಮೆಟ್ಟಿಲಲ್ಲೂ ಇಲಾಖೆಯವರು ಮನೆ ನೋಡಲು ಬರುತ್ತಾರೆ. ಮಗುವಿಗೆ ಬೇರೆ ಹಾಸಿಗೆ ಇದೆಯೇ, ಔಷಧಿ ಕೈಗೆಟುಕದ ಕಡೆ ಬೀಗದಲ್ಲಿದೆಯೇ, ಮನೆಯಲ್ಲಿರುವ ದೊಡ್ಡವರು ಯಾರ್ಯಾರು, ಅವರ ಮೇಲೆ ಏನೇನು ಕೇಸ್ ಇವೆ. ಕೊನೆಯ ಪ್ರಶ್ನೆಗೆ ಇಂಥ ಮನೆಯಲ್ಲಿ ಉತ್ತರ ಕಷ್ಟ. ಎಲ್ಲರ ಮೇಲೂ ಕೇಸ್ ಇರುತ್ತದೆ. ಆಗ ಮನೆ ನಡೆಸುವವರ ಮಾತಿಗೆ ತೂಕ ಬರುತ್ತದೆ. ಈ ಹೆಣ್ಣುಮಗಳು ದಿನಾ ಏಳುತ್ತಾಳೆ, ಸಭೆಗೆ ಹೋಗುತ್ತಾಳೆ, ಡ್ರಗ್ಸ್ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ ಅಂತ ಕೋರ್ಟಿನಲ್ಲಿ ನಿಂತು ಹೇಳುವ ಒಬ್ಬರು ಬೇಕು. ತಾಯಿಯ ಪರವಾಗಿ ಹಾಗೆ ಹೇಳಬಲ್ಲ ಮನುಷ್ಯರು ಎಷ್ಟೋ ವರ್ಷಗಳಿಂದ ಅವಳ ಜೀವನದಲ್ಲೇ ಇರಲಿಲ್ಲ.

ಮಗು ಬಂದ ಮೊದಲ ರಾತ್ರಿಯ ಬಗ್ಗೆ ಸಿಹಿಯಾಗಿ ಬರೆಯುವುದು ಸುಲಭ. ನಿಜ ಬೇರೆ. ನಾಲ್ಕಾರು ಮನೆ ಸುತ್ತಿ ಬಂದ ಮಗು ಅಮ್ಮನನ್ನು ಕಂಡ ಕೂಡಲೇ ತೆಕ್ಕೆಗೆ ಬೀಳುತ್ತದೆ ಅಂತಿಲ್ಲ. ಕೆಲವು ಮಕ್ಕಳು ಬ್ರೆಡ್ ತುಂಡನ್ನು ದಿಂಬಿನ ಕೆಳಗೆ ಬಚ್ಚಿಡುತ್ತವೆ, ನಾಳೆ ಸಿಗುತ್ತದೋ ಇಲ್ಲವೋ ಅಂತ. ಕೆಲವು ರಾತ್ರಿ ಎದ್ದು ಅಮ್ಮ ಇದ್ದಾಳಾ ಅಂತ ಮುಟ್ಟಿ ನೋಡುತ್ತವೆ. ಕೆಲವು ಬೇಕಂತಲೇ ತಟ್ಟೆ ಒಡೆಯುತ್ತವೆ, ಈಗ ಓಡಿಸ್ತಾಳಾ ನೋಡೋಣ ಅಂತ. ಅಮ್ಮನಿಗೋ ತಪ್ಪಿತಸ್ಥ ಭಾವನೆ. ಬೈಯಲು ಹೆದರಿಕೆ, ಬೈಯದಿದ್ದರೆ ಮಗು ಇನ್ನೂ ಕೆರಳುತ್ತದೆ. ಚಟ ಮತ್ತೆ ಕೈಬೀಸಿ ಕರೆಯುವುದು ಇಂಥ ರಾತ್ರಿಗಳಲ್ಲೇ. ಒಂಟಿ ಕೋಣೆಯಲ್ಲಿ ಈ ತಾಯಿ ಮಗುವನ್ನು ಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ಇಲ್ಲಿ ಆ ಹೊತ್ತಿಗೆ ಇನ್ನೊಬ್ಬಳು ಎದ್ದು ಬಂದು, ನೀನು ಹೋಗಿ ಮುಖ ತೊಳ್ಕೊಂಡು ಬಾ, ನಾನು ಇವನನ್ನ ಎತ್ಕೊಂಡಿರ್ತೀನಿ ಅನ್ನಬಹುದು.

ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುವುದು ಇದಕ್ಕೇ ಅಲ್ವಾ? ಮಗುವನ್ನು ಒಬ್ಬಳೇ ಹೊರಲಾರಳು ಅಂತ ಎಲ್ಲರಿಗೂ ಗೊತ್ತಿದೆ. ವಾಟ್ಸ್‌ಗೆ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ತವರು ಅನ್ನುವುದು ಉಳಿದಿರಲಿಲ್ಲ.

ಮತ್ತೆ ಬಿದ್ದರೆ?

ಈ ಪ್ರಶ್ನೆಯನ್ನು ಬಿಟ್ಟು ಬರೆದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಚಟ ಬಿಟ್ಟವರು ಮತ್ತೆ ಬೀಳುವುದು ಅಪರೂಪವಲ್ಲ. ಮನೆಯಲ್ಲಿ ಮಕ್ಕಳಿರುವಾಗ ಒಬ್ಬ ತಾಯಿ ಮತ್ತೆ ಕುಡಿದು ಬಂದರೆ ಏನು ಮಾಡಬೇಕು?

ಅಮೆರಿಕದ ಇನ್ನೊಂದು ದೊಡ್ಡ ಮಾದರಿ ಆಕ್ಸ್‌ಫರ್ಡ್ ಹೌಸ್. 1975ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಶುರುವಾಯಿತು. ಅಲ್ಲಿ ನಡೆಯುತ್ತಿದ್ದ ಒಂದು ಪುನರ್ವಸತಿ ಮನೆಯನ್ನು ಮುಚ್ಚುತ್ತೇವೆ ಅಂದಾಗ, ಒಳಗಿದ್ದವರೇ ಸೇರಿ ಬಾಡಿಗೆ ಕಟ್ಟಿ ನಡೆಸತೊಡಗಿದರು. ಅವರಲ್ಲಿ ಪಾಲ್ ಮಲಾಯ್ ಒಬ್ಬರು. ನಿಯಮ ಮೂರೇ: ಮತ ಹಾಕಿ ನಿರ್ಧಾರ, ಖರ್ಚು ತಮ್ಮದೇ, ಕುಡಿದವರು ತಕ್ಷಣ ಹೊರಗೆ. ತಾಯಿ ಮಕ್ಕಳ ಆಕ್ಸ್‌ಫರ್ಡ್ ಹೌಸ್‌ಗಳೂ ಇವೆ. ಈ ಮಾದರಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಷಿಕಾಗೋದ ಡೆಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಜನ ಆಕ್ಸ್‌ಫರ್ಡ್ ಹೌಸ್‌ಗೆ, ಅರ್ಧ ಜನ ಮಾಮೂಲಿ ದಾರಿಗೆ. ಎರಡು ವರ್ಷದ ನಂತರ ನೋಡಿದರೆ ಮನೆಯಲ್ಲಿದ್ದವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 31, ಉಳಿದವರಲ್ಲಿ ಶೇ. 65. ತಿಂಗಳ ದುಡಿಮೆ 989 ಡಾಲರ್, ಆ ಕಡೆ 440. 2006ರಲ್ಲಿ ಇದು ಪ್ರಕಟವಾಯಿತು. ಅದು ತಾಯಂದಿರ ಬಗ್ಗೆಯೇ ಮಾಡಿದ ಅಧ್ಯಯನವಲ್ಲ. ಆದರೂ ಚಿಕಿತ್ಸೆಯ ನಂತರದ ಮನೆಗೆ ಎಷ್ಟು ಬೆಲೆ ಇದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ಕಮ್ಮಿ.

ಹಾಗಾದರೆ ತಕ್ಷಣ ಹೊರಗೆ ಅನ್ನುವ ನಿಯಮ ಸರಿಯೇ? ಒಂಟಿಯವರಿಗೆ ಸರಿ ಇರಬಹುದು. ಒಬ್ಬರು ಮನೆಯೊಳಗೆ ನಶೆ ಮಾಡಿದರೆ ಉಳಿದವರೆಲ್ಲರ ಕಾಲಡಿಯ ನೆಲ ಅಲುಗುತ್ತದೆ, ನಿಜ. ಆದರೆ ತಾಯಿಯನ್ನು ರಾತ್ರಿ ಹೊರಗೆ ಹಾಕಿದರೆ ಜೊತೆಗೆ ಮಗುವೂ ಹೊರಗೆ ಬೀಳುತ್ತದೆ. ಅಥವಾ ಮಗು ಮತ್ತೆ ಇಲಾಖೆಯ ಕಾರು ಹತ್ತುತ್ತದೆ. ಹಾಗಂತ ಉಳಿಸಿಕೊಂಡರೆ ಪಕ್ಕದ ಕೋಣೆಯ ಮೂರು ಮಕ್ಕಳ ಗತಿ ಏನು?

ನನ್ನ ತೀರ್ಮಾನ ಇದು. ಬೀಳುವುದಕ್ಕೂ ಮೊದಲೇ ಯೋಜನೆ ಬರೆದಿಡಬೇಕು. ಮನೆಗೆ ಸೇರುವ ದಿನವೇ ತಾಯಿಯನ್ನು ಕೂರಿಸಿಕೊಂಡು ಕೇಳಬೇಕು: ಒಂದು ವೇಳೆ ಹಾಗಾದರೆ ಆ ರಾತ್ರಿ ಮಗು ಯಾರ ಜೊತೆ ಮಲಗುತ್ತದೆ? ನಿನಗೆ ನಂಬಿಕೆ ಇರುವವರು ಯಾರು? ಹೆಸರು, ಫೋನ್ ನಂಬರ್ ಬರೆದು ಸಹಿ ಹಾಕಬೇಕು. ಬಿದ್ದ ದಿನ ತಾಯಿ ನಶೆ ಇಳಿಸುವ ಕೇಂದ್ರಕ್ಕೆ ಹೋಗಲಿ. ಮಗು ತನ್ನ ಹಾಸಿಗೆಯಲ್ಲೇ, ಗೊತ್ತಿರುವ ಮುಖದ ಪಕ್ಕದಲ್ಲೇ ಇರಲಿ. ತಾಯಿ ಹಿಂದಿರುಗುವ ದಾರಿ ಮುಚ್ಚದಿರಲಿ. ಇದರಲ್ಲಿ ಕಷ್ಟ ಇದೆ, ಹೆಚ್ಚು ಕೈಗಳು ಬೇಕು, ಇಲಾಖೆಯನ್ನು ಒಪ್ಪಿಸಬೇಕು. ಆದರೆ ಹೊರಗೆ ಹಾಕ್ತಾರೆ ಅಂತ ಗೊತ್ತಿದ್ದರೆ ತಾಯಿ ಮುಚ್ಚಿಡುತ್ತಾಳೆ. ಮಗುವಿಗೆ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಇದಕ್ಕೆ ಸೇರಿದ್ದೇ ಇನ್ನೊಂದು ಮಾತು. ಹೆರಾಯಿನ್‌ನಂಥ ಚಟಕ್ಕೆ ಮೆಥಡೋನ್, ಬುಪ್ರೆನಾರ್ಫಿನ್ ಎಂಬ ಔಷಧಿಗಳಿವೆ. ಗರ್ಭಿಣಿಯರಿಗೂ ವೈದ್ಯರು ಇವನ್ನೇ ಸಲಹೆ ಮಾಡುತ್ತಾರೆ, ಏಕಾಏಕಿ ನಿಲ್ಲಿಸುವುದು ಒಳ್ಳೆಯದಲ್ಲ. ಆದರೆ ಎಷ್ಟೋ ಸೋಬರ್ ಮನೆಗಳು, ಅಂದರೆ ಚಟ ಬಿಟ್ಟವರು ಒಟ್ಟಿಗಿರುವ ಇಂಥ ಮನೆಗಳು, ಔಷಧಿ ತೆಗೆದುಕೊಳ್ಳುವವರು ಪೂರ್ತಿ ಚಟ ಬಿಟ್ಟವರಲ್ಲ ಅಂತ ಬಾಗಿಲು ಮುಚ್ಚುತ್ತಿದ್ದವು. ವೈದ್ಯರು ಬರೆದುಕೊಟ್ಟ ಔಷಧಿ ತೆಗೆದುಕೊಳ್ಳುವವರಿಗೆ ಹೀಗೆ ಭೇದ ಮಾಡುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಅಂತ ಅಮೆರಿಕದ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಬಿಡಿಸಿ ಹೇಳಿತು.

ಸುರಕ್ಷಿತ ಅನ್ನುವ ಪದ

ಸೋಬರ್ ಮನೆ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ. ಚಿಕಿತ್ಸೆ ಕೊಡದೆ ಬರೀ ಇರಲು ಜಾಗ ಕೊಡುವ ಮನೆಗೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕಿಲ್ಲ. ಸೂಸನ್ ಅವರಂಥವರಿಗೆ ಬೇಗ ಬಾಗಿಲು ತೆರೆಯಲು ಸಾಧ್ಯವಾದದ್ದೂ ಇದರಿಂದಲೇ. ಬೇರೆಯವರು ಅದೇ ಸಡಿಲದಲ್ಲಿ ದುಡ್ಡು ಮಾಡಿದ್ದೂ ಇದೆ. ಅರಿಝೋನಾದಲ್ಲಿ ಏನಾಯಿತು ನೋಡಿ. ನವಾಹೋ ಮತ್ತಿತರ ಮೂಲನಿವಾಸಿ ಜನರನ್ನು ವ್ಯಾನಿನಲ್ಲಿ ಕರೆತಂದು ಮನೆಗಳಲ್ಲಿ ತುಂಬಿ, ಕೊಡದ ಚಿಕಿತ್ಸೆಗೆ ಸರ್ಕಾರದ ಆರೋಗ್ಯ ವಿಮೆಯಿಂದ ಹಣ ಎಳೆಯುತ್ತಿದ್ದರು. 2023ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆ ಸಂಸ್ಥೆಗಳಿಗೆ ಹಣ ನಿಲ್ಲಿಸಿತು. ಮನೆಗಳು ಮುಚ್ಚಿದಾಗ ಒಳಗಿದ್ದವರು ಬೀದಿಗೆ ಬಿದ್ದರು. ಊರಿನಿಂದ ನೂರಾರು ಮೈಲಿ ದೂರದಲ್ಲಿ.

ಅಕ್ಕಪಕ್ಕದವರ ವಿರೋಧವೂ ಇರುತ್ತದೆ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ಊರಿನ ಆಡಳಿತ ಆಕ್ಸ್‌ಫರ್ಡ್ ಹೌಸ್ ಬೇಡ ಅಂದಿತು, ಸಂಬಂಧಿಕರಲ್ಲದವರು ಒಂದು ಮನೆಯಲ್ಲಿ ಐದಕ್ಕಿಂತ ಜಾಸ್ತಿ ಇರಬಾರದು ಅನ್ನುವ ನಿಯಮ ಹಿಡಿದುಕೊಂಡು. 1995ರಲ್ಲಿ ಸುಪ್ರೀಂ ಕೋರ್ಟ್, ಆ ನಿಯಮಕ್ಕೆ ವಸತಿ ತಾರತಮ್ಯ ಕಾನೂನಿನಿಂದ ವಿನಾಯಿತಿ ಇಲ್ಲ ಅಂದಿತು. ಅದಾದ ಮೇಲೆ ಇಂಥ ಮನೆಗಳಿಗೆ ಸ್ವಲ್ಪ ಬಲ ಬಂತು.

ಹೆಂಗಸರಿಗೆ ಸುರಕ್ಷಿತ ಅಂದರೆ ಮೊದಲು ಗಂಡಸರಿಂದ ಸುರಕ್ಷಿತ. ಚಟಕ್ಕೆ ಬಿದ್ದ ಹೆಂಗಸರಲ್ಲಿ ಹೊಡೆತ ತಿಂದವರು, ಚಿಕ್ಕಂದಿನಲ್ಲೇ ದೌರ್ಜನ್ಯ ಕಂಡವರು ತುಂಬ ಜನ. ಸೂಸನ್ ಅವರ ಬಾಲ್ಯದಲ್ಲೂ ಅದಿತ್ತು. ಡ್ರಗ್ಸ್ ರುಚಿ ತೋರಿಸಿದವನೇ ಎಷ್ಟೋ ಸಲ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಳಗಿನಿಂದ ಬೋಲ್ಟ್ ಹಾಕಿಕೊಂಡು ಮಲಗಬಲ್ಲ ಕೋಣೆ ಅವಳಿಗೆ ದೊಡ್ಡ ಚಿಕಿತ್ಸೆ.

ನಮ್ಮ ಕಡೆ

ಕರ್ನಾಟಕದಲ್ಲಿ ಮದ್ಯವರ್ಜನ ಶಿಬಿರ ಗೊತ್ತಿಲ್ಲದ ಊರಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗಿರುವ ಜನಜಾಗೃತಿ ವೇದಿಕೆ ಎಂಟು ದಿನದ ಶಿಬಿರಗಳನ್ನು ಊರೂರಲ್ಲಿ ನಡೆಸಿದೆ. ಆಮೇಲೆ ಬಿಟ್ಟವರು ಒಟ್ಟಿಗೆ ಸೇರಲು ನವಜೀವನ ಸಮಿತಿಗಳೂ ಇವೆ. ಒಳ್ಳೆಯ ಕೆಲಸ. ಆದರೆ ಶಿಬಿರದಲ್ಲಿ ಕೂರುವುದು ಹೆಚ್ಚಾಗಿ ಗಂಡ, ಕಣ್ಣೀರು ಒರೆಸಿಕೊಂಡು ಪಕ್ಕದಲ್ಲಿ ಕೂರುವುದು ಹೆಂಡತಿ. ಕುಡಿಯುವವಳು ಅವಳೇ ಆಗಿದ್ದರೆ, ಕಂಕುಳಲ್ಲಿ ಮಗುವೂ ಇದ್ದರೆ, ಎಲ್ಲಿಗೆ ಹೋಗಬೇಕು? ನಾಚಿಕೆಗೆ ಮನೆಯವರೇ ಮುಚ್ಚಿಡುತ್ತಾರೆ. ತಾಯಿ ಮಗುವನ್ನು ಬೇರೆ ಮಾಡದೆ ಚಿಕಿತ್ಸೆ ಕೊಡಬಹುದು ಅನ್ನುವುದು ನಮಗೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಒಟ್ಟಿಗೇ ದಾಖಲಾಗುವ ಘಟಕ ಇದೆ. ಅದು ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆಗೆ. ಚಟಕ್ಕೂ ಅದೇ ಮನಸ್ಸಿನಿಂದ ಬಾಗಿಲು ತೆರೆಯಲಿ ಅಂತ ನನ್ನ ಆಸೆ.

ಆಮೇಲೆ

2010ರಲ್ಲಿ ಸಿಎನ್ಎನ್ ವಾಹಿನಿ ಸೂಸನ್ ಅವರನ್ನು ಆ ವರ್ಷದ ಹತ್ತು ಹೀರೋಗಳಲ್ಲಿ ಒಬ್ಬರನ್ನಾಗಿ ಆರಿಸಿತು. ಅಷ್ಟರಲ್ಲಿ ಮನೆ ಐದಾಗಿತ್ತು, ಹಾದುಹೋದ ಹೆಂಗಸರು 400 ದಾಟಿದ್ದರು. ಯುಸಿಎಲ್ಎ ಕಾನೂನು ಶಾಲೆಯ ಜೊತೆ ಸೇರಿ ಹಳೆಯ ಕೇಸುಗಳ ದಾಖಲೆ ತೆಗೆಸುವ ಕಾನೂನು ನೆರವು ಕೇಂದ್ರವನ್ನೂ ಶುರು ಮಾಡಿದ್ದರು. ಅದು ಬೇಕೇ ಬೇಕಿತ್ತು. ಬಂಕ್ ಬೆಡ್‌ನಿಂದ ಸ್ವಂತ ಬಾಡಿಗೆ ಮನೆಗೆ ಹೋಗಲು ಕೆಲಸ ಬೇಕು, ಕೆಲಸಕ್ಕೆ ಆ ದಾಖಲೆ ಅಡ್ಡ. ಅಂದ ಹಾಗೆ, 2008–09ರಲ್ಲಿ ಕ್ಯಾಲಿಫೋರ್ನಿಯಾ ಒಬ್ಬ ಕೈದಿಗೆ ವರ್ಷಕ್ಕೆ ಖರ್ಚು ಮಾಡುತ್ತಿದ್ದದ್ದು ಸುಮಾರು 47,000 ಡಾಲರ್. ಗೇಟಿನಲ್ಲಿ ಕೊಡುತ್ತಿದ್ದದ್ದು ಅದೇ 200.

ಕಾನೂನುಗಳೂ ಒಂದೊಂದಾಗಿ ಸಡಿಲವಾದವು. 2014ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ಸ್ವಂತಕ್ಕೆ ಸ್ವಲ್ಪ ಡ್ರಗ್ಸ್ ಇಟ್ಟುಕೊಳ್ಳುವುದನ್ನು ಸಣ್ಣ ಅಪರಾಧದ ಸಾಲಿಗೆ ಇಳಿಸಿದರು. 2015ರ ಏಪ್ರಿಲ್ 1ರಿಂದ ಆಹಾರ ಕೂಪನ್ನಿನ ನಿಷೇಧ ಪೂರ್ತಿ ಹೋಯಿತು. 2018ರಲ್ಲಿ ಬಂದ ಕೇಂದ್ರ ಕಾನೂನು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅಲ್ಲಿಯವರೆಗೆ ಮಗುವನ್ನು ತಾಯಿಯಿಂದ ದೂರ ಇಟ್ಟರೆ ಮಾತ್ರ ಸಿಗುತ್ತಿದ್ದ ಫಾಸ್ಟರ್ ಕೇರ್ ಹಣ, ಈಗ ಮಗು ತಾಯಿಯ ಜೊತೆಗೇ ಚಿಕಿತ್ಸಾ ಕೇಂದ್ರದಲ್ಲಿದ್ದರೂ ಸಿಗುತ್ತದೆ. 12 ತಿಂಗಳವರೆಗೆ.

ಹದಿಮೂರನೇ ತಿಂಗಳಲ್ಲಿ ತಾಯಿ ಮಗು ಇಬ್ಬರೂ ಆ ಕೇಂದ್ರದ ಬಾಗಿಲ ಹೊರಗೆ ನಿಲ್ಲುತ್ತಾರೆ. ಆ ತಿಂಗಳ ಬಾಡಿಗೆಗೆ ಈ ಕಾನೂನಿನಲ್ಲಿ ದುಡ್ಡಿಲ್ಲ. ಸೂಸನ್ ಅವರ ಸಂಸ್ಥೆ ಅದೇ 2018ರ ಸುಮಾರಿಗೆ, ಜೈಲು ಕಂಡು ಬಂದ ಹೆಂಗಸರಿಗೇ ಬೇರೆ ಬೇರೆ ರಾಜ್ಯಗಳಲ್ಲಿ ಇಂಥ ಮನೆ ತೆರೆಯಲು ಕಲಿಸತೊಡಗಿತು. ಮನೆ ಹುಡುಕುವುದು, ಕರಾರು ಪತ್ರ ಓದುವುದು, ಪಕ್ಕದ ಮನೆಯವರ ಹತ್ತಿರ ಮೊದಲ ದಿನವೇ ಹೋಗಿ ಮಾತಾಡುವುದು, ಬಂಕ್ ಬೆಡ್ ಜೋಡಿಸುವುದು, ಬಸ್ಸಿನ ವೇಳೆ ತಿಳಿದುಕೊಳ್ಳುವುದು.